ಟ್ರ್ಯಾಕ್ಟರ್ ಇಳಿಯುವ ಮೊದಲು ಬಾಂದುಕಲ್ಲು ನೋಡಿ

ಭರಣಿ ಮಳೆಗೆ ನೆಲ ಹದವಾಗುತ್ತಿದ್ದಂತೆ ನಮ್ಮ ಹಳ್ಳಿಗಳಲ್ಲಿ ಉಳುಮೆಯ ಜೊತೆಗೇ ಬದುವಿನ ಜಗಳವೂ ಶುರುವಾಗುತ್ತದೆ. ಮುಂಗಾರು ಬಿತ್ತನೆಗೆ ಇನ್ನು ಕೆಲವೇ ವಾರಗಳಿವೆ. ಹೇಳುವುದಿದ್ದರೆ ಈಗಲೇ ಹೇಳಬೇಕು. ಹೆಣ ಬಿದ್ದ ಮೇಲೆ ಬರೆಯುವ ಸಂಪಾದಕೀಯ ಯಾರ ಮನೆಯನ್ನೂ ಉಳಿಸುವುದಿಲ್ಲ.

ಎತ್ತು ಹೂಡಿ ಉಳುವವನು ಬದು ಹತ್ತಿರವಾದಾಗ ನೇಗಿಲೆತ್ತಿ ತಿರುಗುತ್ತಿದ್ದ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬರುವ ಟ್ರ್ಯಾಕ್ಟರ್ ಚಾಲಕನಿಗೆ ಯಾರ ಬದು ಎಲ್ಲಿ, ಬಾಂದುಕಲ್ಲು ಎಲ್ಲಿ ಎಂಬುದು ಗೊತ್ತಿರುವುದಿಲ್ಲ. ಹೊಲದ ಯಜಮಾನ ಪಕ್ಕದಲ್ಲಿ ನಿಂತು ತೋರಿಸದಿದ್ದರೆ ಕಲ್ಟಿವೇಟರಿನ ಕೊನೆಯ ಹಲ್ಲು ಬದುವಿನ ಬುಡ ಕೆರೆದುಕೊಂಡೇ ಹೋಗುತ್ತದೆ. ಈ ವರ್ಷ ನಾಲ್ಕು ಬೆರಳು, ಬರುವ ವರ್ಷ ಮತ್ತೆ ನಾಲ್ಕು ಬೆರಳು. ಒಂದು ದಿನ ಪಕ್ಕದ ಹೊಲದವನು ಬಂದು ನೋಡಿದರೆ, ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದ ಬದುವಿನ ಮೇಲೆ ಕಾಲಿಡಲು ಜಾಗವಿಲ್ಲ. "ಬೇಕಂತಲೇ ಒತ್ತಿದ್ದಾನೆ" ಎಂಬ ಮಾತು ಹುಟ್ಟುವುದು ಅಲ್ಲಿಯೇ.

ಆ ಜಾಗದ ಬೆಲೆಯನ್ನು ಒಮ್ಮೆ ಲೆಕ್ಕ ಹಾಕಿ. ಅರ್ಧ ಅಡಿ ಅಗಲ, ಇನ್ನೂರು ಅಡಿ ಉದ್ದ ಹೋಗಿದೆ ಎನ್ನೋಣ. ಅದು ನೂರು ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿ, ಅಂದರೆ ಗುಂಟೆಯ ಹತ್ತನೇ ಒಂದು ಪಾಲೂ ಇಲ್ಲ. ಮಳೆ ಕೈಹಿಡಿದರೂ ಅಲ್ಲಿ ಬೆಳೆಯುವ ರಾಗಿ ಎರಡು ಮೂರು ಸೇರು. ಇಷ್ಟಕ್ಕೆ ಒಬ್ಬ ಮಣ್ಣು ಸೇರಿ ಇನ್ನೊಬ್ಬ ಜೈಲು ಸೇರುತ್ತಾನೆ. ವಕೀಲರ ಖರ್ಚಿಗೆಂದು ಮಾರಾಟವಾಗುವುದು ಜಗಳಕ್ಕೆ ಕಾರಣವಾದ ಅದೇ ಹೊಲ.

ಇದು ಎಲ್ಲೋ ಅಪರೂಪಕ್ಕೆ ನಡೆಯುವುದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅವುಗಳಲ್ಲಿ 9,962ಕ್ಕೆ ಕಾರಣ ಒಂದಲ್ಲ ಒಂದು ವ್ಯಾಜ್ಯ. ಹಣದಾಸೆಗೆ ಆದ ಕೊಲೆಗಳು 1,884 ಮಾತ್ರ. ನಾವು ಬಾಗಿಲಿಗೆ ಬೀಗ ಹಾಕುವುದು ಕಳ್ಳನಿಗೆ ಹೆದರಿ. ಆದರೆ ಹೆಚ್ಚು ಜೀವ ಹೋಗುತ್ತಿರುವುದು ಗುರುತಿದ್ದವರ ನಡುವಿನ ಜಗಳದಲ್ಲಿ.

ಹೊಲದ ಜಗಳಕ್ಕೆ ಇನ್ನೊಂದು ಅಪಾಯವಿದೆ. ಬದುವಿನ ಮೇಲೆ ನಿಂತವನ ಕೈ ಬರಿದಾಗಿರುವುದಿಲ್ಲ. ಗುದ್ದಲಿಯೋ ಹಾರೆಯೋ ಮಚ್ಚೋ ಇರುತ್ತದೆ. ಕೆಲಸಕ್ಕೆಂದು ಹಿಡಿದದ್ದು ಒಂದು ಕೆಟ್ಟ ಮಾತಿಗೆ ಮೇಲೇಳುತ್ತದೆ. ಅದಕ್ಕೇ ನಾವು ಕೇಳುವುದು ಇಷ್ಟೇ: ಗಡಿಯ ಮಾತನ್ನು ಗಡಿಯಲ್ಲಿ ನಿಂತು ಆಡಬೇಡಿ. ಒತ್ತುವರಿ ಕಣ್ಣಿಗೆ ಬಿದ್ದ ದಿನ ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿ ಮಲಗಿ. ಮಾರನೆಯ ದಿನ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ. ಇದು ಹೇಡಿತನವಲ್ಲ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಎಷ್ಟೋ ಮನೆಗಳಲ್ಲಿ ಪಾಲು ಬಾಯಿಮಾತಿನಲ್ಲೇ ಆಗಿದೆ. ಪೋಡಿಯಾಗಿಲ್ಲ, ಪಹಣಿ ಜಂಟಿಯಲ್ಲೇ ಇದೆ. ಅಪ್ಪ ಇರುವವರೆಗೆ ಆ ಮಾತು ನಿಲ್ಲುತ್ತದೆ. ಅಪ್ಪ ಹೋದ ವರ್ಷವೇ ಬದು ಅಲುಗಾಡುತ್ತದೆ.

ಅನುಮಾನವಿದ್ದವರು ಹದ್ದುಬಸ್ತಿಗೆ ಅರ್ಜಿ ಕೊಡಿ. ನಾಡಕಚೇರಿಯಲ್ಲಿ ಅಥವಾ ತಾಲ್ಲೂಕಿನ ಭೂಮಾಪನ ವಿಭಾಗದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಸರ್ವೆಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅವರೆದುರಿಗೇ ಅಳೆದು ಗಡಿ ತೋರಿಸುತ್ತಾರೆ. ಬೆಳೆ ಎದ್ದು ನಿಂತ ಮೇಲೆ ಸರಪಳಿ ಎಳೆಯುವುದು ಕಷ್ಟ, ಹೊಲ ಖಾಲಿಯಿರುವ ಈ ದಿನಗಳೇ ಸರಿ. ಬಂಡಿದಾರಿಯ ತಕರಾರಿದ್ದರೆ ಮೊದಲು ಗ್ರಾಮನಕಾಶೆ ತೆಗೆಸಿ ನೋಡಿ. ರಾಜಿಗೆ ಮನಸ್ಸಿದ್ದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100 ಇದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ.

ಪೊಲೀಸರಿಗೂ ಒಂದು ಮಾತು ಹೇಳಲೇಬೇಕು. "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಎಂದು ದೂರು ತಂದವನನ್ನು ಠಾಣೆಯ ಮೆಟ್ಟಿಲಿನಿಂದಲೇ ಕಳಿಸುವ ರೂಢಿ ನಿಲ್ಲಬೇಕು. ಗಡಿ ಯಾರದೆಂದು ತೀರ್ಮಾನಿಸುವುದು ಠಾಣೆಯ ಕೆಲಸವಲ್ಲ, ನಿಜ. ಆದರೆ "ಕಡಿದು ಹಾಕ್ತೀನಿ" ಎಂಬ ಬೆದರಿಕೆ ಸಿವಿಲ್ ಅಲ್ಲ. ಶಾಂತಿ ಕದಡುವ ಸೂಚನೆ ಇದ್ದಾಗ ಒಂದು ವರ್ಷದವರೆಗೆ ಮುಚ್ಚಳಿಕೆ ಬರೆಸಿಕೊಳ್ಳಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಇದೆ. ಜಮೀನಿನ ತಕರಾರು ಹೊಡೆದಾಟಕ್ಕೆ ತಿರುಗುವಂತಿದ್ದರೆ 164ನೇ ಕಲಂ ಇದೆ. ತಹಶೀಲ್ದಾರರು ಮತ್ತು ಠಾಣಾಧಿಕಾರಿಗಳು ಅವನ್ನು ಬಳಸಬೇಕಾದದ್ದು ಮೊದಲ ದೂರಿಗೇ.

ಸೂಚನೆಗಳು ಊರಿಗೆ ಗೊತ್ತೇ ಇರುತ್ತವೆ. ಬಾಂದುಕಲ್ಲು ರಾತ್ರೋರಾತ್ರಿ ಕಾಣೆಯಾಗುವುದು, ಒಂದೇ ಬೋರಿನ ನೀರಿಗೆ ಎರಡು ಗೇಟ್‌ವಾಲ್ವ್ ಬೀಳುವುದು, ಮದುವೆಯ ಲಗ್ನಪತ್ರಿಕೆ ಒಂದು ಮನೆಯನ್ನು ದಾಟಿ ಹೋಗುವುದು, ಬೇರೆ ಊರಿನ ನೆಂಟರು ಕಾರಣವಿಲ್ಲದೆ ಬಂದಿಳಿಯುವುದು. ಇಷ್ಟು ಕಂಡ ಮೇಲೂ "ನಮಗ್ಯಾಕೆ ಬೇರೆಯವರ ಉಸಾಬರಿ" ಎನ್ನುವ ಊರು ನಾಳೆ ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯಬೇಕಾಗುತ್ತದೆ. ಕೈಕೈ ಮಿಲಾಯಿಸುವ ಹಂತಕ್ಕೆ ಬಂದರೆ ವಿಡಿಯೊ ಮಾಡುತ್ತಾ ನಿಲ್ಲಬೇಡಿ, ಅದೇ ಫೋನಿನಿಂದ 112ಕ್ಕೆ ಕರೆ ಮಾಡಿ.

ನಿಮ್ಮೂರಲ್ಲಿ ಬದುವಿನ ಕಾರಣಕ್ಕೆ ಮಾತು ಬಿಟ್ಟಿರುವ ಎರಡು ಮನೆಗಳು ಯಾವುವೆಂದು ನಿಮಗೆ ಗೊತ್ತು. ಟ್ರ್ಯಾಕ್ಟರ್ ಹೊಲಕ್ಕಿಳಿಯುವ ಮೊದಲು ಆ ಎರಡೂ ಮನೆಗಳ ಜಗುಲಿಯ ಮೇಲೆ ಒಂದು ಗಳಿಗೆ ಕುಳಿತು ಬನ್ನಿ.