ಬಿಸ್ಮತ್ ಕಲಿಸಿದ ಪಾಠ

ತನಗೆ ಕಾಣದ ಬದಲಾವಣೆಯನ್ನು ಮನುಷ್ಯನು ಇಲ್ಲವೆಂದೇ ಬಗೆಯುವುದುಂಟು. ಅಂಥ ತೀರ್ಮಾನ ಎಷ್ಟು ಅವಸರದ್ದೆಂಬುದನ್ನು ಬಿಸ್ಮತ್ ಎಂಬ ಲೋಹದ ಕಥೆ ತಿಳಿಸುತ್ತದೆ.

ಯುರೇನಿಯಂ, ರೇಡಿಯಂ ಮೊದಲಾದ ಧಾತುಗಳ ಪರಮಾಣುಗಳು ಆಲ್ಫಾ ಕಣಗಳನ್ನು ಹೊರಚೆಲ್ಲಿ ಬೇರೆ ಧಾತುಗಳಾಗಿ ಮಾರ್ಪಡುತ್ತವೆ. ಬಿಸ್ಮತ್-209 ಮಾತ್ರ ಹೀಗೆ ಕ್ಷಯಿಸದ, ಅತ್ಯಂತ ಭಾರವಾದ ಪರಮಾಣುವೆಂದು ಪಠ್ಯಪುಸ್ತಕಗಳು ಬಹುಕಾಲ ಬೋಧಿಸಿದವು. ಅದೂ ಕ್ಷಯಿಸಬೇಕೆಂದು ಸಿದ್ಧಾಂತ ಸೂಚಿಸುತ್ತಿದ್ದರೂ ಕಂಡವರಿರಲಿಲ್ಲ. 2003ರಲ್ಲಿ ಫ್ರಾನ್ಸಿನ ಓರ್ಸೆಯಲ್ಲಿ ಪಿಯರ್ ದ ಮಾರ್ಸಿಯಾಕ್ ಮತ್ತು ಅವರ ಸಂಗಡಿಗರು ಆ ಕ್ಷಯವನ್ನು ಗುರುತಿಸಿದರು. ಅವರು ಅಳೆದ ಅರ್ಧಾಯುಷ್ಯ, 19ರ ಮುಂದೆ 18 ಸೊನ್ನೆಗಳನ್ನು ಬರೆದರೆ ಬರುವಷ್ಟು ವರ್ಷಗಳು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಇದು ಅದರ ನೂರು ಕೋಟಿ ಪಟ್ಟಿಗಿಂತಲೂ ಹೆಚ್ಚು.

ಅಷ್ಟು ಕಾಲ ಕಾಯಬಲ್ಲವರಾರು? ಕಾಲ ಸಾಲದೆಡೆಯಲ್ಲಿ ಸಂಖ್ಯೆ ನೆರವಾಗುತ್ತದೆ. ಒಂದು ಗ್ರಾಂ ಬಿಸ್ಮತ್‌ನಲ್ಲಿರುವ ಅಪಾರ ಪರಮಾಣುಗಳಲ್ಲಿ ವರ್ಷಕ್ಕೆ ಸುಮಾರು 100 ಕ್ಷಯಿಸುತ್ತವೆ. ಆದರೆ ಆ ಕೆಲವನ್ನು ಹಿಡಿಯುವ ಸೂಕ್ಷ್ಮ ಉಪಕರಣ ಬೇಕು. ವಿಜ್ಞಾನಿಗಳು ಬಿಸ್ಮತ್ ಬೆರೆತ ಸ್ಫಟಿಕವನ್ನೇ ಶೋಧಕವನ್ನಾಗಿಸಿ, ಅದನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಂಪುಗೊಳಿಸಿದರು. ಆ ಶೈತ್ಯದಲ್ಲಿ ಒಂದೇ ಪರಮಾಣು ಕ್ಷಯಿಸಿದರೂ ಸ್ಫಟಿಕದ ಉಷ್ಣತೆ ಅಳೆಯುವಷ್ಟು ಏರುತ್ತದೆ. ಜೊತೆಗೆ ಮಂದವಾದ ಬೆಳಕೂ ಹೊಮ್ಮುತ್ತದೆ. ಅಷ್ಟೇ ಶಾಖವನ್ನು ಕೊಡುವ ಬೀಟಾ, ಗ್ಯಾಮಾ ಕಿರಣಗಳಿಗಿಂತ ಆಲ್ಫಾ ಕಣ ಕಡಿಮೆ ಬೆಳಕನ್ನು ನೀಡುತ್ತದೆ. ಶಾಖ ಮತ್ತು ಬೆಳಕನ್ನು ಹೋಲಿಸಿ ನಿಜವಾದ ಸಂಕೇತವನ್ನು ಬೇರ್ಪಡಿಸಬಹುದು.

ಇಂಥ ಶೋಧನೆಗೆ ವಿಶ್ವಕಿರಣಗಳ ಗದ್ದಲವೂ ಅಡ್ಡಿ. ಆದುದರಿಂದ ಹಲವು ಪ್ರಯೋಗಾಲಯಗಳು ಭೂಗರ್ಭವನ್ನು ಆಶ್ರಯಿಸಿವೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ದೊರೆತುದು ಬಂಡೆಗಳು ಒದಗಿಸಿದ ಇಂಥ ಮೌನದಲ್ಲಿಯೇ.

ಇಷ್ಟು ಶ್ರಮದಿಂದ ಹೊಟ್ಟೆ ತುಂಬೀತೇ ಎಂದು ಕೇಳುವವರುಂಟು. ಪ್ರಶ್ನೆ ಸಹಜವೇ, ಬಿಸ್ಮತ್ ಕ್ಷಯಿಸುವುದರಿಂದ ಯಾರ ಬದುಕೂ ಬದಲಾಗಲಿಲ್ಲ. ಆದರೆ ಓರ್ಸೆಯ ತಂಡ ಶೋಧಕಗಳನ್ನು ಕಟ್ಟತೊಡಗಿದ್ದು ವಿಶ್ವದ ಅದೃಶ್ಯ ದ್ರವ್ಯವನ್ನು ಅರಸಲೆಂದು. ಬಿಸ್ಮತ್‌ನ ಗುಟ್ಟು ಆ ದಾರಿಯಲ್ಲಿ ದೊರೆಯಿತು. ಸೂಕ್ಷ್ಮವಾಗಿ ಅಳೆಯಲು ಕಲಿತವನಿಗೆ ಅರಸದುದೂ ಕಾಣಿಸುತ್ತದೆ. ಅದಕ್ಕಿಂತ ಮಿಗಿಲಾದ ಲಾಭವೆಂದರೆ, ಪುಸ್ತಕದ ಮಾತನ್ನೂ ಪ್ರಮಾಣದಿಂದ ತಿದ್ದಬಹುದೆಂಬ ಧೈರ್ಯ. ‘ಸ್ಥಿರ’ ಎಂಬ ಪದದ ಅರ್ಥ ಅನೇಕ ವೇಳೆ ‘ಇನ್ನೂ ಅಳೆಯಲಾಗಿಲ್ಲ’ ಎಂಬುದಷ್ಟೆ. ಇದನ್ನರಿತು ತಾಳ್ಮೆಯಿಂದ ಅಳೆಯುವವನೇ ನಿಜವಾದ ಜಿಜ್ಞಾಸು.