ವಿಮಾನದ ಪೀಠವೂ ಮೊಣಕಾಲಿನ ಎಡೆಯೂ

ಕೊಳ್ಳೇಗಾಲ, ಹನೂರು, ಯಳಂದೂರು ಪೇಟೆಗಳಿಗೆ ಇಂದಿಗೂ ರೈಲುಬಂಡಿ ಬಂದಿಲ್ಲ. ಆದರೆ ಪರದೇಶದಲ್ಲಿರುವ ಮಕ್ಕಳನ್ನು ನೋಡಲೆಂದು ವಿಮಾನವೇರುವ ತಂದೆತಾಯಿಗಳು ಆ ಸೀಮೆಯಲ್ಲಿ ಈಗ ಅಪರೂಪವಲ್ಲ. ಹೋಗಿ ಬಂದವರು ಮೊದಲು ಹೇಳುವುದು ಆಕಾಶದ ಸೊಬಗನ್ನಲ್ಲ, ಮೊಣಕಾಲಿನ ನೋವನ್ನು. ಇಷ್ಟು ಹಣ ತೆತ್ತರೂ ಕಾಲು ಚಾಚಲು ಎಡೆಯಿಲ್ಲವೇಕೆ ಎಂಬುದು ಅವರ ಪ್ರಶ್ನೆ. ಈ ತಿಂಗಳು ಅದನ್ನೇ ವಿಚಾರಿಸೋಣ.

ನಮ್ಮ ದೇಶದ ವಿಮಾನಯಾನವು ಸುಖಾಸನದಿಂದ ಆರಂಭವಾದುದಲ್ಲ. 1932ನೆಯ ಅಕ್ಟೋಬರ್ 15ರಂದು ಜೆ.ಆರ್.ಡಿ. ತಾತಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲು, ಅಲ್ಲಿಂದ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಸಾಗಿತು. (ಬಳ್ಳಾರಿಯೂ ಕೊಳ್ಳೇಗಾಲವೂ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು, ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು.) ಆ ಪುಟ್ಟ ವಿಮಾನದಲ್ಲಿ ಮುಖ್ಯ ಅತಿಥಿ ಟಪಾಲಿನ ಮೂಟೆ. ಎಡೆಯಿದ್ದರೆ ಒಬ್ಬರೋ ಇಬ್ಬರೋ ಮನುಷ್ಯರು.

ಅನಂತರ ಬಂದುದು ಡಕೋಟಾ. ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಡಕೋಟಾಗಳನ್ನು ಪ್ರಯಾಣಿಕರಿಗೆ ತಕ್ಕಂತೆ ಮಾರ್ಪಡಿಸುವ ಕೆಲಸವು ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ನಡೆಯಿತು. 1940ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆಯು ರೈಲುಡಬ್ಬಿಗಳನ್ನೂ ಕಟ್ಟಿದುದುಂಟು. ಡಕೋಟಾದಲ್ಲಿ ಪೀಠಗಳು ಇಪ್ಪತ್ತರಿಂದ ಮೂವತ್ತರೊಳಗೆ. ಬಾಲದ ಮೇಲೆ ಕುಳಿತು ನಿಲ್ಲುವ ವಿಮಾನವಾದುದರಿಂದ, ಒಳಹೊಕ್ಕವರು ಗುಡ್ಡವೇರುವಂತೆ ನಡೆದು ತಮ್ಮ ಸ್ಥಳ ಸೇರಬೇಕಾಗಿದ್ದಿತು. ಕಾಲಿಗೆ ಎಡೆಯುಂಟು, ಕಿವಿಗೆ ಮಾತ್ರ ಸುಖವಿಲ್ಲ. ಒಳಗಿನ ಗಾಳಿಗೆ ಒತ್ತಡ ತುಂಬುವ ಏರ್ಪಾಡಿಲ್ಲದ ಕಾರಣ ಮೋಡಗಳ ನಡುವೆಯೇ ತಗ್ಗಿನಲ್ಲಿ ಹಾರಬೇಕು. ಕುಲುಕಾಟ, ವಾಂತಿ, ಎಂಜಿನ್ನಿನ ಗರ್ಜನೆ. 1957ರಲ್ಲಿ ವೈಕೌಂಟ್ ವಿಮಾನಗಳು ಬಂದ ಮೇಲೆ ಈ ಕಷ್ಟ ಬಹಳ ಮಟ್ಟಿಗೆ ನೀಗಿತು. ಹಳೆಯ ಕಾಲದ ಪ್ರಯಾಣವೇ ಸುಖವೆಂದು ಹಾಡುವವರು ಇದನ್ನು ಮರೆಯುವರು. ಆ ಸುಖವಾದರೂ ಯಾರದು? ರಾಜರದು, ಅಧಿಕಾರಿಗಳದು, ದೊಡ್ಡ ವರ್ತಕರದು. ಹನೂರಿನ ರೈತನದಲ್ಲ.

ಎಡೆ ಕುಗ್ಗಿದ ಬಗೆ ಹೀಗೆ. ಒಂದು ಪೀಠದ ಬೆನ್ನಿನಿಂದ ಮುಂದಿನ ಪೀಠದ ಬೆನ್ನಿಗಿರುವ ಅಂತರವು ಮೊದಲ ಜೆಟ್ ವಿಮಾನಗಳ ಸಾಮಾನ್ಯ ತರಗತಿಯಲ್ಲಿ ಸುಮಾರು 34 ಅಂಗುಲವಿದ್ದಿತು. ಇಂದು ಅಗ್ಗದ ವಿಮಾನಗಳಲ್ಲಿ 28ರಿಂದ 30 ಅಂಗುಲ. ಎರಡು ತರಗತಿಗಳನ್ನಿಟ್ಟು ಸುಮಾರು 150 ಜನರನ್ನು ಕೂರಿಸುವ ಏರ್‌ಬಸ್ 320ರಲ್ಲಿ, ಒಂದೇ ತರಗತಿ ಮಾಡಿ 180 ಜನರನ್ನೂ, ಮುಂದೆ 186 ಜನರನ್ನೂ ಕೂರಿಸಿದರು. ಪೀಠದ ಮೆತ್ತೆಯನ್ನು ತೆಳುವಾಗಿಸಿ, ಪತ್ರಿಕೆಯ ಜೇಬನ್ನು ಮೇಲಕ್ಕೇರಿಸಿ, ಮೊಣಕಾಲಿಗೆ ಒಂದೆರಡು ಅಂಗುಲ ಮರಳಿಸಿದ ಜಾಣತನವೂ ಉಂಟು. ಇದಕ್ಕೊಂದು ಎಲ್ಲೆಯೂ ಇದೆ: ಅಪಾಯಕಾಲದಲ್ಲಿ ಅರ್ಧ ಬಾಗಿಲುಗಳು ಮುಚ್ಚಿದ್ದರೂ ತುಂಬಿದ ವಿಮಾನವು 90 ಸೆಕೆಂಡುಗಳಲ್ಲಿ ಬರಿದಾಗಬಲ್ಲುದೆಂದು ತಯಾರಕರು ತೋರಿಸಿಕೊಡಬೇಕು.

ನಮ್ಮ ನಾಡಿನಲ್ಲಿ ಈ ಮಾರ್ಪಾಟಿಗೆ ಮುಂದಾದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥರು. 2003ರಲ್ಲಿ ಬೆಂಗಳೂರಿನಿಂದ ಹೊರಟ ಅವರ ಏರ್ ಡೆಕ್ಕನ್‌ನಲ್ಲಿ ಮೇಲ್ತರಗತಿಯಿಲ್ಲ, ಬಿಟ್ಟಿ ಊಟವಿಲ್ಲ, ಮೊದಮೊದಲು ಪೀಠಕ್ಕೆ ಸಂಖ್ಯೆಯೂ ಇಲ್ಲ. ಮಾದಪ್ಪನ ಬೆಟ್ಟದ ಬಸ್ಸಿಗೆ ಕಿಟಕಿಯಿಂದ ಟವಲೆಸೆದು ಸೀಟು ಹಿಡಿಯುವ ನಮ್ಮ ಜನರಿಗೆ ಇದು ಹೊಸ ವಿದ್ಯೆಯಾಗಿರಲಾರದು! ಆ ಸಂಸ್ಥೆ ಬೇರೊಂದರಲ್ಲಿ ಲೀನವಾಗಿ ಅಳಿಯಿತು. ಅದು ಹಾಕಿದ ದಾರಿ ಉಳಿಯಿತು. ಬಸ್ಸಿನ ಗೃಹಸ್ಥನು ವಿಮಾನವೇರಿದುದು ಈ ಇಕ್ಕಟ್ಟಿನ ಪೀಠದ ಮೂಲಕವೇ. ಆದುದರಿಂದ ಅಂಗುಲಗಳ ನಷ್ಟಕ್ಕಾಗಿ ನಾವು ಹೆಚ್ಚು ಕೊರಗುವುದಿಲ್ಲ.

ನಾವು ಒಪ್ಪಲಾರದ ಸಂಗತಿಯೇ ಬೇರೆ. ಟಿಕೇಟಿನ ಹಣ ಪಡೆದ ಮೇಲೆ, ಇಂತಹ ಪೀಠವೇ ಬೇಕೆಂದವರಿಂದ ಮತ್ತೆ ಹಣ ಕೇಳುವ ಪದ್ಧತಿಯು ಬಂದಿದೆ. ಕೊಡದ ಕುಟುಂಬವು ಚದರಿಹೋಗುವುದುಂಟು: ತಾಯಿ ಒಂದು ಸಾಲಿನಲ್ಲಿ, ಮಗು ಇನ್ನೊಂದರಲ್ಲಿ. ಉದ್ದ ಕಾಲಿನವನು ಹೆಚ್ಚಿನ ಎಡೆಗಾಗಿ ಹಣ ತೆರಲಿ, ನ್ಯಾಯವೇ. ಮಗುವು ತಾಯಿಯ ಮಗ್ಗುಲಲ್ಲಿರುವುದು ಭೋಗವೆ? 2024ರ ಏಪ್ರಿಲ್‌ನಲ್ಲಿ ಭಾರತದ ವಿಮಾನಯಾನ ನಿರ್ದೇಶನಾಲಯವು, ಒಂದೇ ಟಿಕೇಟಿನಲ್ಲಿ ಪ್ರಯಾಣಿಸುವ 12 ವರ್ಷದೊಳಗಿನ ಮಕ್ಕಳಿಗೆ ತಂದೆತಾಯಿಗಳಲ್ಲಿ ಒಬ್ಬರ ಅಥವಾ ಪೋಷಕರ ಬಳಿಯೇ ಪೀಠ ಕೊಡಬೇಕೆಂದು ಆಜ್ಞೆ ಮಾಡಿತು. ವೃದ್ಧ ದಂಪತಿಗಳ ವಿಷಯದಲ್ಲಿಯೂ ಇಂತಹದೇ ಕಟ್ಟಳೆ ಬೇಕೆಂದು ನಮ್ಮ ಅಭಿಪ್ರಾಯ. ಇಂಗ್ಲಿಷು ಬಾರದ ಅಜ್ಜಿಗೆ ಅಜ್ಜನೇ ದುಭಾಷಿ.

ಹಿರಿಯರನ್ನು ಕಳುಹಿಸುವವರು ಗಮನಿಸತಕ್ಕದ್ದು: ಅವರಿಗೆ ಕಿಟಕಿಗಿಂತ ನಡುದಾರಿಯ ಪಕ್ಕದ ಪೀಠವೇ ಮೇಲು, ಎದ್ದು ಓಡಾಡಲು ಯಾರನ್ನೂ ಬೇಡಬೇಕಾಗಿಲ್ಲ. ಬಹಳ ಹೊತ್ತು ಅಲುಗದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ಹಿಂದೆ ಹಾಗಾಗಿದ್ದವರು ವೈದ್ಯರನ್ನು ಕೇಳಿಯೇ ಹೊರಡತಕ್ಕದ್ದು. ಒಳಗಿನ ಗಾಳಿ ಬಲು ಒಣದಾದ್ದರಿಂದ ಆಗಾಗ್ಗೆ ನೀರು ಕುಡಿಯಬೇಕು. ಅಪಾಯದ್ವಾರದ ಸಾಲಿನಲ್ಲಿ ಎಡೆ ಹೆಚ್ಚೆಂದು ಅದನ್ನು ಅವರಿಗಾಗಿ ಕೊಳ್ಳಬಾರದು. ಬಾಗಿಲು ತೆರೆಯಲು ಶಕ್ತರಾದವರಿಗೆ ಮಾತ್ರ ಆ ಸಾಲು. ಗಾಲಿಕುರ್ಚಿ ಬೇಕಾದರೆ ಟಿಕೇಟು ಕೊಳ್ಳುವಾಗಲೇ ತಿಳಿಸಿರಬೇಕು.