ಕೇಳದೆ ಹಂಚಿದ ನೆಲ

ಜನರನ್ನು ಕೇಳದೆ ನೆಲ ಕೈಬದಲಾಗುವುದು ಸಗರನಾಡಿಗೆ ಹೊಸದಲ್ಲ. 1857ರ ದಂಗೆಯಲ್ಲಿ ತಮ್ಮ ಪರ ನಿಂತ ನಿಜಾಮನಿಗೆ ಬ್ರಿಟಿಷರು 1860ರಲ್ಲಿ ಇಲ್ಲಿನ ಸುರಪುರ ಸಂಸ್ಥಾನವನ್ನೇ ಬಹುಮಾನವಾಗಿ ಕೊಟ್ಟರು. ಅದರ ಅರಸ ರಾಜಾ ವೆಂಕಟಪ್ಪ ನಾಯಕ 1858ರಲ್ಲೇ ತೀರಿಕೊಂಡಿದ್ದರು.

1917ರ ನವೆಂಬರ್ 2ರಂದು ಅದೇ ಬ್ರಿಟನ್ನಿನ ವಿದೇಶಾಂಗ ಸಚಿವ ಬಾಲ್ಫರ್, ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಒದಗಿಸಲು ನೆರವಾಗುವುದಾಗಿ ಪತ್ರ ಬರೆದರು. ಅಲ್ಲಿ ಬಹುಸಂಖ್ಯಾತರಾಗಿದ್ದ ಅರಬರ ಅಭಿಪ್ರಾಯ ಪಡೆಯಲಿಲ್ಲ. ಮರುವರ್ಷ ಸೆಪ್ಟೆಂಬರ್ 23ರಂದು ಮೈಸೂರು, ಜೋಧಪುರ ಲ್ಯಾನ್ಸರ್ಸ್ ಪಡೆಗಳ ಸವಾರರು ಭರ್ಜಿ ಹಿಡಿದು ಮೆಷಿನ್‌ಗನ್ನುಗಳಿಗೆ ಎದುರಾಗಿ ನುಗ್ಗಿ ಪ್ಯಾಲೆಸ್ಟೀನಿನ ಹೈಫಾ ನಗರವನ್ನು ಬ್ರಿಟಿಷರಿಗಾಗಿ ಗೆದ್ದರು. ಯಾದಗಿರಿ, ಶಹಾಪುರಗಳನ್ನು ಆಳುತ್ತಿದ್ದ ನಿಜಾಮನ ಹೈದರಾಬಾದ್ ಲ್ಯಾನ್ಸರ್ಸ್ ಕೂಡ ಅದೇ ಬ್ರಿಗೇಡಿಗೆ ಸೇರಿತ್ತು.

ಹಿಟ್ಲರನ ಕಾಲದಲ್ಲಿ 60 ಲಕ್ಷ ಜೀವ ಕಳೆದುಕೊಂಡ ಯಹೂದಿಗಳಿಗೆ ಸುರಕ್ಷಿತ ನೆಲೆ ಬೇಕಿತ್ತು. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು, ಮರಳಲು ಇಸ್ರೇಲ್ ಬಿಡಲಿಲ್ಲ. ಎರಡೂ ನಿಜ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಗಾಗಲಿ, ಗಾಜಾದಲ್ಲಿ ಸಾವಿರಾರು ಮಕ್ಕಳನ್ನು ಬಲಿ ಪಡೆದ ಬಾಂಬುಗಳಿಗಾಗಲಿ ಈ ಇತಿಹಾಸ ಸಮರ್ಥನೆಯಾಗದು. ಈ ಸಂಘರ್ಷವನ್ನು ಹಿಂದೂ-ಮುಸ್ಲಿಂ ಜಗಳವಾಗಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸುವುದು ತಪ್ಪು. ಭಾರತ 1988ರಲ್ಲಿ ಪ್ಯಾಲೆಸ್ಟೀನಿಗೆ ಮಾನ್ಯತೆ ಕೊಟ್ಟಿದೆ, 1992ರಿಂದ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿದೆ. ಇಬ್ಬರೊಡನೆಯೂ ಮಾತನಾಡಬಲ್ಲ ದಿಲ್ಲಿ ಎರಡು ರಾಷ್ಟ್ರಗಳ ಪರಿಹಾರಕ್ಕೆ ಗಟ್ಟಿಯಾಗಿ ದನಿಯೆತ್ತಬೇಕು.